ತಟ್ಟೆಯಲ್ಲಿ ಒಂದು ಚಿಟಿಕೆ

ನಾಲ್ಕು ಸಾವಿರ ಕೋಳಿಗಳಿದ್ದ ಶೆಡ್ಡಿನಲ್ಲಿ ಒಂದೇ ಒಂದು ಸದ್ದಿರಲಿಲ್ಲ.

ತಂತಿಬಲೆಯ ಬಾಗಿಲು ದೂಡಿ ಒಳಗೆ ಕಾಲಿಟ್ಟ ಸಬ್ ಇನ್ಸ್‌ಪೆಕ್ಟರ್ ತೃಪ್ತಿ ಎರಡು ಹೆಜ್ಜೆ ನಡೆದು ನಿಂತುಬಿಟ್ಟಳು. ಹನ್ನೊಂದು ಗಂಟೆಯ ಬಿಸಿಲು ಬಲೆಯ ಕಣ್ಣುಗಳಿಂದ ತೂರಿ ನೆಲದ ಮೇಲೆ ಬಿದ್ದಿತ್ತು. ದೂರದಲ್ಲಿ ಕುಲಶೇಖರದ ಕಡೆ ಹೋಗುವ ಬಸ್ಸೊಂದು ಹಾರ್ನು ಹಾಕಿತು. ಶೆಡ್ಡಿನ ಒಳಗೆ ಅವಳ ಬೂಟಿನ ಸದ್ದೊಂದೇ.

ಮರದ ಹೊಟ್ಟು ಹರಡಿದ ನೆಲದಲ್ಲಿ ಬಿಳಿ ಕೋಳಿಗಳು ಒತ್ತೊತ್ತಾಗಿ ಕೂತಿದ್ದವು. ಸತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು. ಅವಳು ಹತ್ತಿರ ಹೋದರೆ ರೆಪ್ಪೆಯೊಂದು ಮೆಲ್ಲಗೆ ಮುಚ್ಚಿ ತೆರೆಯುತ್ತಿತ್ತು, ಅಷ್ಟೆ. ಒಂದೂ ಎದ್ದು ಓಡಲಿಲ್ಲ. ನಡುವೆ ಕಾಲಿಡಲು ಜಾಗವಿಲ್ಲದೆ ಅವಳೇ ಬೂಟಿನ ತುದಿಯಿಂದ ಒಂದನ್ನು ಸರಿಸಬೇಕಾಯಿತು. ಅದು ಸರಿಸಿದಲ್ಲಿಯೇ ಕೂತಿತು. ಆಹಾರದ ಫೀಡರುಗಳು ತುಂಬಿದ ಹಾಗೇ ಇದ್ದವು. ಕುತ್ತಿಗೆಯ ಸುತ್ತ ಗರಿ ಉದುರಿ ಕೆಂಪು ತೊಗಲು ಕಾಣುತ್ತಿತ್ತು. ಉದುರಿದ ಗರಿಗಳು ಗಾಳಿ ಬಂದಾಗ ಗೇಣೆತ್ತರ ಎದ್ದು, ಕೂತವುಗಳ ಬೆನ್ನ ಮೇಲೆಯೇ ಮತ್ತೆ ಇಳಿಯುತ್ತಿದ್ದವು.

ಶೆಡ್ಡಿನ ಮಾಲೀಕ ದೀಪೇಶ್ ಬಾಗಿಲಲ್ಲೇ ಉಳಿದಿದ್ದ. ಅವನ ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್ ಫ್ಲೋಯ್ಡ್ ಕರ್ಚೀಫಿನಿಂದ ಮೂಗು ಮುಚ್ಚಿ ನಿಂತಿದ್ದ. ಮೇಡಂ ಮಾತ್ರ ಮೂಗಿಗೆ ಬೆರಳೂ ಹಿಡಿಯದೆ ಒಳಗೆ ಓಡಾಡುವುದನ್ನು ದೀಪೇಶ್ ವಿಚಿತ್ರವಾಗಿ ನೋಡುತ್ತಿದ್ದ.

ಅವನಿಗೆ ಗೊತ್ತಿರಲಿಲ್ಲ. ಕೋವಿಡ್ ಬಂದು ಹೋದಂದಿನಿಂದ ತೃಪ್ತಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಠಾಣೆಯಲ್ಲಿ ಇದು ಫ್ಲೋಯ್ಡ್‌ಗೊಬ್ಬನಿಗೆ ಗೊತ್ತು. ಮೇಲಿನವರಿಗೆ ತಿಳಿದರೆ ಕೇಸು ಬಿಡಿಸಿ ಮೇಜಿನ ಕೆಲಸಕ್ಕೆ ಹಾಕುತ್ತಾರೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ಹೋದಲ್ಲೆಲ್ಲ ಫ್ಲೋಯ್ಡ್ ಅವಳ ಮೂಗಾಗಿದ್ದ.

ಬಂದರಿನ ಖನಿಜ ವ್ಯಾಪಾರಿ ಅರಾಫತ್ ಐವತ್ತು ದಿನ ನವೆದು, ಕೂದಲು ಉಗುರು ಉದುರಿ ಸತ್ತು ಹನ್ನೊಂದು ದಿನವಾಗಿತ್ತು. ಅವನ ಹೆಂಡತಿ ನಾಝಿಮಾಳೇ ಅನ್ನದಲ್ಲಿ ಕೈವಿಷ ಹಾಕಿದ್ದಾಳೆಂದು ತಮ್ಮ ಖಾಲಿದ್ ದೂರು ಕೊಟ್ಟಿದ್ದ. ನಾಳೆ ಬೆಳಗ್ಗೆ ಹತ್ತಕ್ಕೆ ಆಕೆಯನ್ನು ಠಾಣೆಗೆ ತರಬೇಕೆಂದು ಇನ್ಸ್‌ಪೆಕ್ಟರ್ ಆಗಲೇ ಹೇಳಿಯಾಗಿತ್ತು.

ಅಷ್ಟರಲ್ಲಿ ಈ ದೀಪೇಶ್ ತಾನಾಗಿಯೇ ಠಾಣೆಗೆ ಬಂದಿದ್ದ. ಕೋಳಿಗೆ ಹಾಕುವ ಖನಿಜದ ಪುಡಿಯನ್ನು ಅವನು ಕೊಳ್ಳುತ್ತಿದ್ದದ್ದು ಅರಾಫತ್‌ನ ಗೋದಾಮಿನಿಂದ. ಹಿಂದಿನ ವಾರದ ಚೀಲ ಬಿಚ್ಚಿ ಆಹಾರಕ್ಕೆ ಕಲಸಿದ ಮೇಲೆ ಕೋಳಿಗಳು ತಿನ್ನುವುದನ್ನು ಬಿಟ್ಟವು. ಜಗಳ ಮಾಡಲೆಂದು ಬಂದರಿಗೆ ಹೋದವನಿಗೆ, ಸಾವ್ಕಾರ್ರು ಕೂದಲುದುರಿ ಸತ್ತರೆಂಬ ಸುದ್ದಿ ಸಿಕ್ಕಿತು. ಮನೆಗೆ ಬಂದು ಶೆಡ್ಡಿಗೆ ಇಣುಕಿದರೆ ಇಲ್ಲಿ ಗರಿ ಉದುರುತ್ತಿತ್ತು. ಆ ರಾತ್ರಿ ತಾನು ನಿದ್ದೆ ಮಾಡಲಿಲ್ಲವೆಂದು ಅವನು ಮೂರು ಸಲ ಹೇಳಿದ.

ಹೊರಗೆ ಹಲಸಿನ ಮರದ ನೆರಳಲ್ಲಿ ಕೋಳಿವೈದ್ಯ ಡಾಕ್ಟರ್ ಡೆನ್ಜಿಲ್ ಒಂದು ಹಲಗೆಯ ಮೇಲೆ ಸತ್ತ ಕೋಳಿಯನ್ನು ಕೊಯ್ದು ನೋಡುತ್ತಿದ್ದರು. ತೃಪ್ತಿ ಬಂದದ್ದು ನೋಡಿ ಅವರು ಕೋಳಿಯ ಹೊಟ್ಟೆಯನ್ನು ಅಗಲಿಸಿ ಹಿಡಿದರು.

ತೃಪ್ತಿ ಕೋಳಿಯನ್ನು ನೋಡಲಿಲ್ಲ, ಫ್ಲೋಯ್ಡ್‌ನ ಮುಖ ನೋಡಿದಳು. ಅವನು ಕರ್ಚೀಫು ತೆಗೆದು ಬಗ್ಗಿದ. ಹುಬ್ಬು ಗಂಟಿಕ್ಕಿತು.

"ಎಂತ?"

"ಬೆಳ್ಳುಳ್ಳಿ, ಮೇಡಂ. ಒಗ್ಗರಣೆಗೆ ಜಜ್ಜಿದ ಹಾಗೆ."

ಡೆನ್ಜಿಲ್ ತಲೆಯಾಡಿಸಿದರು. ಆರು ವಾರದಲ್ಲಿ ಎರಡೂವರೆ ಕಿಲೋ ತೂಗಬೇಕಾದ ಕೋಳಿಗೆ ಬರೀ ಜೋಳ ಸೋಯಾ ಸಾಲದು, ಸತು ಬೇಕು, ತಾಮ್ರ ಬೇಕು, ಮ್ಯಾಂಗನೀಸ್ ಬೇಕು ಎಂದು ಅವರು ಕೈ ತೊಳೆಯುತ್ತಾ ವಿವರಿಸಿದರು. ಮ್ಯಾಂಗನೀಸ್ ಕಮ್ಮಿಯಾದರೆ ಕಾಲಿನ ನರ ಜಾರಿ ಕೋಳಿ ಕುಂಟುತ್ತದೆ. ಸೆಲೆನಿಯಂ ಎಂಬುದೊಂದು ಉಂಟು, ಅದು ಕಮ್ಮಿಯಾದರೆ ಎದೆಯ ತೊಗಲಿನಡಿ ಹಸಿರು ನೀರು ತುಂಬುತ್ತದೆ.

"ಹೆಚ್ಚಾದರೆ?" ತೃಪ್ತಿ ಕೇಳಿದಳು.

"ಹೆಚ್ಚಾದರೆ ಇದು." ಅವರು ಶೆಡ್ಡಿನ ಕಡೆ ಕೈ ತೋರಿಸಿದರು. "ಒಂದು ಟನ್ ಆಹಾರಕ್ಕೆ ಬೇಕಾದದ್ದು ಕಾಲು ಗ್ರಾಂ, ಮೇಡಂ. ಅದಕ್ಕೇ ಅದನ್ನು ಯಾರೂ ಹಾಗೇ ಮುಟ್ಟುವುದಿಲ್ಲ, ಸುಣ್ಣದ ಪುಡಿಯಲ್ಲಿ ಬೆರೆಸಿ ಸಪ್ಪೆ ಮಾಡಿಯೇ ಮಾರುವುದು. ಇಲ್ಲಿ ಯಾರೋ ಬೆರೆಸದ್ದನ್ನೇ ಸುರಿದಿದ್ದಾರೆ."

ಮನುಷ್ಯನ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಅವಳು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು. ಒಮ್ಮೆಗೇ ಹೋದರೆ ಹೃದಯ ನಿಲ್ಲಬಹುದು, ಸ್ವಲ್ಪ ಸ್ವಲ್ಪವೇ ಹೋದರೆ ಮೊದಲು ಉಸಿರಲ್ಲಿ ಬೆಳ್ಳುಳ್ಳಿ, ಆಮೇಲೆ ಕೂದಲು, ಆಮೇಲೆ ಉಗುರು ಎಂದು ಡೆನ್ಜಿಲ್ ಹೇಳಿದರು.

ಜೀಪು ಪಂಪ್‌ವೆಲ್ಲಿನ ಫ್ಲೈಓವರಿನ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಇಪ್ಪತ್ತು ನಿಮಿಷ ನಿಂತಿತು. ತೃಪ್ತಿ ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ಅರಾಫತ್ ನವೆದದ್ದು ಐವತ್ತು ದಿನ. ಕೋಳಿಗಳು ನವೆಯಲು ತೊಡಗಿ ಐದೇ ದಿನ. ವಿಷ ಚೀಲದಲ್ಲೇ ಇದ್ದಿದ್ದರೆ ಐವತ್ತು ದಿನದ ಹಿಂದೆಯೇ ಊರ ತುಂಬ ಕೋಳಿ ಸಾಯಬೇಕಿತ್ತು. ಸತ್ತದ್ದು ಒಬ್ಬ ಮನುಷ್ಯ ಮಾತ್ರ. ಅವನನ್ನು ಮಣ್ಣು ಮಾಡಿದ ನಂತರ, ಅವನನ್ನು ಕೊಂದದ್ದೇ ದೀಪೇಶನ ಚೀಲಕ್ಕೆ ಬಂದಿದೆ.

"ಹೆಂಗಸು ಅಡಿಗೆಮನೆಯಲ್ಲಿ ವಿಷ ಹಾಕಿದರೆ ಅದು ಕೋಳಿಯ ಹೊಟ್ಟೆಗೆ ಹೇಗೆ ಹೋಯ್ತು, ಫ್ಲೋಯ್ಡ್?"

 ಫ್ಲೋಯ್ಡ್ ಇನ್ನೂ ಕರ್ಚೀಫನ್ನು ಕಿಟಕಿಯ ಹೊರಗೆ ಕೊಡವುತ್ತಿದ್ದ.

ಬಂದರಿನ ಹಿಂದಿನ ಓಣಿಯಲ್ಲಿದ್ದ ಮನೆ ತಲುಪುವಾಗ ಮಸೀದಿಯ ಮಧ್ಯಾಹ್ನದ ಬಾಂಗ್ ಮುಗಿದಿತ್ತು. ನಾಝಿಮಾ ಇದ್ದತ್‌ನಲ್ಲಿದ್ದಳು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಫ್ಲೋಯ್ಡ್ ಜಗಲಿಯಲ್ಲಿ ಕೂತ. ತೃಪ್ತಿ ಒಬ್ಬಳೇ, ಮೂಗಿಲ್ಲದೆ, ಒಳಗೆ ಹೋದಳು.

ಮೂವತ್ತೈದರ ಹೆಂಗಸು. ಅತ್ತು ಮುಗಿಸಿದವಳ ಹಾಗೆ ಕಾಣಲಿಲ್ಲ, ಅಳಲು ಪುರುಸೊತ್ತೇ ಆಗದವಳ ಹಾಗಿದ್ದಳು. ಖಾಲಿದ್ ಕೊಟ್ಟ ದೂರಿನ ಸಂಗತಿ ಅವಳಿಗೆ ಗೊತ್ತಿತ್ತು. ನಾಳೆ ಕರೆದೊಯ್ಯುವ ಸಂಗತಿಯೂ ಗೊತ್ತಿತ್ತು.

ಕಾಯಿಲೆ ಶುರುವಾದದ್ದು ಬಾಯಿಂದ ಎಂದು ಅವಳು ಹೇಳಿದಳು. ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಎರಡನೇ ವಾರದಿಂದ ಉಸಿರಲ್ಲಿ, ಬೆವರಲ್ಲಿ, ಹಾಸಿಗೆಯಲ್ಲಿ ಬೆಳ್ಳುಳ್ಳಿ. ಅವಳು ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವುದನ್ನೇ ನಿಲ್ಲಿಸಿದಳು. ವಾಸನೆ ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ. ಆಗ ಅವರು ಬೇರೆ ಕೋಣೆಯಲ್ಲಿ ಮಲಗತೊಡಗಿದರು.

ಆ ಕೋಣೆಯನ್ನು ಅವಳು ತೆರೆದು ತೋರಿಸಿದಳು. ಹೊದಿಕೆ ಮಡಚಿತ್ತು. ತಲೆದಿಂಬಿನ ನಡುವೆ ಗುಳಿ ಹಾಗೇ ಉಳಿದಿತ್ತು. ನಾಝಿಮಾ ದಿಂಬನ್ನೆತ್ತಿ ಅವಳ ಕೈಗೆ ಕೊಟ್ಟಳು.

"ಈಗಲೂ ಉಂಟು. ನೋಡಿ."

ತೃಪ್ತಿ ದಿಂಬಿಗೆ ಮುಖ ಹಚ್ಚಿದಳು. ಹತ್ತಿಯ ತಂಪು ಕೆನ್ನೆಗೆ ತಾಗಿತು. ಬೇರೇನೂ ಇಲ್ಲ. ಹನ್ನೊಂದು ದಿನದ ಹಿಂದೆ ಸತ್ತವನ ಉಸಿರು ತನ್ನ ಮುಖಕ್ಕೆ ಬಡಿಯುತ್ತಿದೆ, ತನಗದು ಗೊತ್ತಾಗುತ್ತಿಲ್ಲ ಎಂದೆಣಿಸಿ ಅವಳು ದಿಂಬಿನಿಂದ ಮುಖ ತೆಗೆದಳು. ಹೌದೆಂದು ತಲೆಯಾಡಿಸಿ ಸುಮ್ಮನಾಗಬಹುದಿತ್ತು. ಯಾಕೋ ಆಗಲಿಲ್ಲ.

"ನನಗೆ ವಾಸನೆ ಬರುವುದಿಲ್ಲ," ಎಂದಳು. "ಕೋವಿಡ್ ಆದ ಮೇಲೆ ಹೋದದ್ದು."

ನಾಝಿಮಾ ದಿಂಬನ್ನು ಅವಳ ಕೈಯಿಂದ ತೆಗೆದು ಹಾಸಿಗೆಯ ಮೇಲಿಟ್ಟಳು. ಆಮೇಲೆ ಕಪಾಟು ತೆರೆದು ಬಟ್ಟೆಗಳ ಹಿಂದಿನಿಂದ ಒಂದು ಹಳೆಯ ಸುರ್ಮಾ ಡಬ್ಬಿ ತೆಗೆದಳು. ಅದರಲ್ಲಿ ಬಿಳಿ ಬಟ್ಟೆಯ ಮೇಲೆ ಏಳು ಉಗುರುಗಳಿದ್ದವು. ಪೂರ್ತಿ ಉಗುರುಗಳು, ಬುಡದಿಂದ ಕಳಚಿದವು. ಪ್ರತಿಯೊಂದರ ಮೇಲೂ ಅಡ್ಡಕ್ಕೆ ಬಿಳಿ ಗೀರು.

ಕಡಿದ ಉಗುರನ್ನೂ ಕೂದಲನ್ನೂ ಎಲ್ಲೆಂದರಲ್ಲಿ ಎಸೆಯಬಾರದು, ಮಣ್ಣಲ್ಲಿ ಹೂಳಬೇಕು ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದ್ದರಿಂದ ಹೂಳಲು ಒಂದು ಹಿಡಿ ಮಣ್ಣಿರಲಿಲ್ಲ. ಹಾಗಾಗಿ ಉಳಿದದ್ದು.

"ನಾನು ವಿಷ ಹಾಕ್ತೇನೆ ಅಂತ ಅವರೇ ನಂಬಿದ್ರು, ಮೇಡಂ," ನಾಝಿಮಾ ಹೇಳಿದಳು. "ಕೊನೆಯ ಇಪ್ಪತ್ತು ದಿನ ಈ ಮನೆಯ ನೀರು ಕೂಡ ಮುಟ್ಟಲಿಲ್ಲ. ದಿನಕ್ಕೊಂದು ಹೋಟೆಲಿಂದ ತರಿಸಿ ತಿಂದ್ರು. ನನ್ನ ಮೇಲೆ ಆ ಸಂಶಯ ಇಟ್ಟುಕೊಂಡೇ ಹೋದ್ರು."

ತೃಪ್ತಿ ಡಬ್ಬಿಯ ಮುಚ್ಚಳ ಹಾಕಿದಳು. ಮನೆಯ ನೀರೂ ಮುಟ್ಟದೆ ಇಪ್ಪತ್ತು ದಿನ. ಆದರೂ ಉಗುರು ಉದುರುವುದು ನಿಲ್ಲಲಿಲ್ಲ. ಹೋಟೆಲೂ ದಿನಕ್ಕೊಂದು. ಹಾಗಾದರೆ ಪ್ರತಿದಿನ ತಪ್ಪದೆ ಅವನ ಬಾಯಿಗೆ ಹೋಗುತ್ತಿದ್ದದ್ದು ಯಾವುದು ಎಂದು ಅವಳು ಕೇಳಿದಳು. ಬೀಡ, ಮಾತ್ರೆ, ಕಷಾಯ?

ಅಂಥದ್ದೇನೂ ಇರಲಿಲ್ಲ. ನಾಝಿಮಾ ಯೋಚಿಸಿದಳು. ಮದುವೆಯಾದ ಹೊಸದರಲ್ಲಿ ಅವರು ಗೋದಾಮಿನಿಂದ ಬರುವಾಗ ಬಲಗೈಯ ತೋರುಬೆರಳು ಯಾವಾಗಲೂ ಬೆಳ್ಳಗಿರುತ್ತಿತ್ತು, ಅದಕ್ಕಾಗಿ ತಾನು ಬಯ್ಯುತ್ತಿದ್ದೆ ಎಂದಳು. ಕೋಳಿಯ ಮಿಕ್ಸನ್ನು ನಾಲಿಗೆಗೆ ಹಚ್ಚದೆ ಒಂದು ಚೀಲವನ್ನೂ ಅವರು ಹೊರಗೆ ಬಿಡುತ್ತಿರಲಿಲ್ಲ. ಉಪ್ಪು ಎಲ್ಲ ಕಡೆ ಸಮ ಬೆರೆತಿದೆಯೋ ಎಂದು ನಾಲಿಗೆಯಲ್ಲೇ ತಿಳಿಯುತ್ತದಂತೆ. ಅವರ ಬಾಪನಿಂದ ಬಂದ ಅಭ್ಯಾಸ. ಕೆಲಸದವನು ಪ್ರತಿ ಬ್ಯಾಚಿನದ್ದೂ ಒಂದು ತಟ್ಟೆಯಲ್ಲಿ ತಂದಿಡುತ್ತಿದ್ದ.

"ಯಾರು ತಂದಿಡುವುದು?"

"ನೋಣಯ್ಯಣ್ಣ. ಅವರು ಬಿಟ್ಟರೆ ಬೇರೆ ಯಾರು?"

ಗೋದಾಮು ನದಿಯ ಬದಿಯಲ್ಲಿತ್ತು. ಹಂಚಿನ ಮಾಡು, ಎತ್ತರದ ಮರದ ಬಾಗಿಲು. ಒಳಗೆ ನಾಲ್ಕು ಗಂಟೆಯ ಬೆಳಕು ಗಾಜಿನ ಹಂಚುಗಳಿಂದ ಕಂಬಕಂಬವಾಗಿ ಇಳಿದು, ಪುಡಿಯ ಧೂಳು ಅದರಲ್ಲಿ ನಿಂತುಬಿಟ್ಟಿತ್ತು. ನಡುವೆ ಸದ್ದು ಮಾಡುತ್ತಾ ತಿರುಗುವ ಕಬ್ಬಿಣದ ಮಿಕ್ಸರ್, ಅದರ ಬಳಿ ಇಬ್ಬರು ಕೆಲಸದವರು, ಸುತ್ತ ಚೀಲಗಳು. ಸತುವಿನದ್ದು ಬಿಳಿ, ತಾಮ್ರದ್ದು ನೀಲಿ ಹರಳು, ಕಬ್ಬಿಣದ್ದು ತಿಳಿಹಸಿರು. ನೆಲದ ಮೇಲೆ ಎಷ್ಟು ಧೂಳೆಂದರೆ, ಯಾರು ಎಲ್ಲಿಂದ ಎಲ್ಲಿಗೆ ನಡೆದರೆಂದು ಕಾಲಿನ ಗುರುತೇ ಹೇಳುತ್ತಿತ್ತು.

ಖಾಲಿದ್ ಎದುರುಗೊಂಡ. ಅಣ್ಣನಿಗಿಂತ ಎಂಟು ವರ್ಷ ಚಿಕ್ಕವನು. ಗಲ್ಫಿನಿಂದ ಹಿಂದಿರುಗಿ ವ್ಯಾಪಾರಕ್ಕೆ ಸೇರಿ ಇನ್ನೂ ಒಂದು ವರ್ಷವಾಗಿರಲಿಲ್ಲ. ಅತ್ತಿಗೆಯನ್ನು ಯಾವಾಗ ಹಿಡಿಯುತ್ತೀರೆಂದು ಅವನು ಕೇಳಿದ. ತೃಪ್ತಿ ನೋಣಯ್ಯನನ್ನು ಕರೆಯಲು ಹೇಳಿದಳು.

ಮಿಕ್ಸರಿನ ಹಿಂದಿನಿಂದ ಬಂದ ಮುದುಕನಿಗೆ ಅರುವತ್ತು ದಾಟಿತ್ತು. ಈ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ. ತಲೆಗೆ ಕಟ್ಟಿದ ಬೈರಾಸು, ರೆಪ್ಪೆಯ ಮೇಲೂ ಪುಡಿ. ತಾಮ್ರದ ಚೀಲ ಹೊತ್ತು ಹೊತ್ತು ಅಂಗೈಯ ಗೆರೆಗಳು ನೀಲಿ ಹಿಡಿದಿದ್ದವು.

ತೃಪ್ತಿ ಅವನಿಗೆ ಏನನ್ನೂ ಕೇಳಲಿಲ್ಲ. ಅರಾಫತ್‌ಗೆ ಕೊಡುತ್ತಿದ್ದ ಹಾಗೆ ಒಂದು ತಟ್ಟೆ ಮಾಡಿ ಕೊಡಿ ಎಂದಳು, ಅಷ್ಟೆ.

ನೋಣಯ್ಯ ಒಮ್ಮೆ ಖಾಲಿದನ ಮುಖ ನೋಡಿ ಕೆಲಸಕ್ಕೆ ತೊಡಗಿದ. ಗೂಡಿನಿಂದ ಸಣ್ಣ ಸ್ಟೀಲು ತಟ್ಟೆ ತೆಗೆದು ಬೈರಾಸಿನಿಂದ ಒರೆಸಿದ. ಮಿಕ್ಸರಿನ ಬಾಯಿಂದ ಒಂದು ಹಿಡಿ ಪುಡಿ ತೆಗೆದು ತಟ್ಟೆಗೆ ಹಾಕಿದ. ತಟ್ಟೆಯನ್ನು ಎರಡು ಸಲ ಮೆಲ್ಲಗೆ ಕುಟ್ಟಿ ಸಮ ಮಾಡಿದ. ಚಮಚೆ ತೆಗೆದುಕೊಂಡ. ಆಮೇಲೆ, ತಿರುಗಿಯೂ ನೋಡದೆ, ಅವನ ಎಡಗೈ ಹಿಂದಿನ ಹಲಗೆಯ ಮೂಲೆಗೆ ಚಾಚಿತು.

ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲಿ ನಿಂತಿತು.

ತೃಪ್ತಿ ಹತ್ತಿರ ಹೋಗಿ ನೋಡಿದಳು. ಹಲಗೆಯ ಧೂಳಿನ ನಡುವೆ ತೆಂಗಿನ ಗೆರಟೆಯಷ್ಟಗಲದ ದುಂಡು ಗುರುತು. ಅಲ್ಲಿ ಬಹಳ ದಿನ ಏನೋ ಇತ್ತು. ಈಚೆಗಷ್ಟೇ ಹೋಗಿದೆ.

"ಇಲ್ಲಿ ಎಂತ ಇತ್ತು, ನೋಣಯ್ಯಣ್ಣ?"

ಮುದುಕ ಕೈ ಹಿಂದಕ್ಕೆಳೆದುಕೊಂಡ. ಚಮಚೆಯನ್ನು ತಟ್ಟೆಯ ಪಕ್ಕಕ್ಕಿಟ್ಟ.

ಅವನನ್ನು ಒಳಗಿನ ಆಫೀಸು ಕೋಣೆಗೆ ಕರೆದೊಯ್ದು ಕೂರಿಸಿದರು. ಖಾಲಿದನನ್ನೂ ತೃಪ್ತಿ ಒಳಗೇ ಕೂರಿಸಿಕೊಂಡಳು, ಎರಡು ಕೈಯೂ ಮೇಜಿನ ಮೇಲೆ ಕಾಣುವ ಹಾಗೆ. ಹೇಳಿಕೆ ಬರೆದುಕೊಳ್ಳಬೇಕಿತ್ತು, ಮಿಕ್ಸರಿನ ಸದ್ದು ಜೋರಿತ್ತು. ಫ್ಲೋಯ್ಡ್ ಹೊರಗೆ ಹೋಗಿ ಮಿಕ್ಸರ್ ನಿಲ್ಲಿಸಿ, ಕೆಲಸದ ಉಳಿದಿಬ್ಬರನ್ನು ಮನೆಗೆ ಕಳಿಸಿ, ಗೋದಾಮಿನ ದೊಡ್ಡ ಬಾಗಿಲೆಳೆದು ಬಂದ. ಆಫೀಸಿನ ಬಾಗಿಲನ್ನೂ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತು, ಬಗಲಿನ ಪುಸ್ತಕ ಬಿಚ್ಚಿ ಬರೆಯತೊಡಗಿದ.

ನೀಲಿ ಡಬ್ಬ ಎಂದ ನೋಣಯ್ಯ. ಒಂದು ಬಿಳಿ ಪುಡಿಯ ನೀಲಿ ಡಬ್ಬ. ಎರಡು ತಿಂಗಳ ಹಿಂದೆ ಅದು ಹಲಗೆಯ ಮೇಲೆ ಬಂದು ಕೂತಿತ್ತು, ಯಾರು ತಂದರೆಂದು ಗೊತ್ತಿಲ್ಲ. ಅದೇ ದಿನ ಸಾವ್ಕಾರ್ರು ಅಪ್ಪಣೆ ಕೊಟ್ಟರು. ತನ್ನ ಮೇಜಿಗೆ ಬರುವ ತಟ್ಟೆಗೆ ಆ ಡಬ್ಬದಿಂದ ಒಂದು ಚಿಟಿಕೆ ಹಾಕಿ ಕಲಸು, ಚೀಲಕ್ಕೆ ಹಾಕಬೇಡ, ತಟ್ಟೆಗೆ ಮಾತ್ರ. ಹೊಸ ಮಾಲಿನ ರುಚಿ ನೋಡಲಿಕ್ಕುಂಟು. ಎದುರು ಸಿಕ್ಕಾಗ ಈ ಸುದ್ದಿ ಎತ್ತಬೇಡ.

"ಎತ್ತಲಿಲ್ಲವೋ?"

"ಇಲ್ಲಮ್ಮ. ಇಪ್ಪತ್ತಾರು ವರ್ಷದಲ್ಲಿ ಒಂದು ಮಾತು ಮೀರಿದವ ಅಲ್ಲ ನಾನು."

ಹಾಗಾದರೆ ಆ ಅಪ್ಪಣೆ ಎದುರೆದುರು ಕೊಟ್ಟದ್ದಲ್ಲ. ಮತ್ತೆ ಹೇಗೆ ಬಂತೆಂದು ತೃಪ್ತಿ ಕೇಳಿದಳು. ನೋಣಯ್ಯನಿಗೆ ಓದು ಬರಹ ಬಾರದು. ಫೋನಿನಲ್ಲಿ ಸಾವ್ಕಾರ್ರ ಪಟ ಬಂದು, ಅದರ ಅಡಿಯ ಗುಂಡಿ ಒತ್ತಿದರೆ ಅವರ ಮಾತು ಕೇಳಿಸುತ್ತಿತ್ತು. ಸ್ವರ ಅವರದ್ದೇ. ಅದರಲ್ಲಿ ಸಂಶಯಕ್ಕೆಡೆಯಿರಲಿಲ್ಲ.

ದಿನಕ್ಕೆ ಮೂರು ತಟ್ಟೆ, ನಾಲ್ಕು ತಟ್ಟೆ. ಐವತ್ತು ದಿನ.

ಅವಳು ಅವನಿಗೆ ಹೇಳಲೇಬೇಕಾಗಿತ್ತು. ಆ ಡಬ್ಬದಲ್ಲಿ ಏನಿತ್ತು, ಆ ಚಿಟಿಕೆ ಏನು ಮಾಡಿತು ಎಂಬುದನ್ನು ಆದಷ್ಟು ಸಣ್ಣ ಮಾತಿನಲ್ಲಿ ಹೇಳಿದಳು. ಮುದುಕ ಕೇಳಿದ.  ಅವನು ತನ್ನ ಬಲಗೈಯನ್ನೆತ್ತಿ ಮೇಜಿನ ಮೇಲಿಟ್ಟು, ಅದು ಇನ್ನೊಬ್ಬರ ಕೈಯೋ ಎಂಬಂತೆ ದೂರದಿಂದ ನೋಡಿದ. ಆಮೇಲೆ ಹೆಬ್ಬೆರಳು ತೋರುಬೆರಳನ್ನು ಲುಂಗಿಗೆ ಒರೆಸತೊಡಗಿದ. ಒರೆಸುತ್ತಲೇ ಇದ್ದ. ಫ್ಲೋಯ್ಡ್ ಬರೆಯುವುದನ್ನು ನಿಲ್ಲಿಸಿದ.

"ಅವರಿಗೆ ಕೈ ನಡುಗ್ತಿತ್ತು ಕೊನೆಗೆ," ನೋಣಯ್ಯ ಹೇಳಿದ. "ತಟ್ಟೆ ನಾನೇ ಹಿಡಿದು ಕೊಡ್ತಿದ್ದೆ."

 ಖಾಲಿದ್ ತಲೆ ತಗ್ಗಿಸಿದ್ದ.

ತೃಪ್ತಿ ಮೇಜಿನ ಮೇಲಿದ್ದ ನೀರನ್ನು ಮುದುಕನಿಗೆ ಕುಡಿಸಿದಳು. ಡಬ್ಬ ಎಲ್ಲಿ ಹೋಯಿತೆಂದು ಕೇಳಿದಳು. ಉಳಿದದ್ದನ್ನೆಲ್ಲ ದೀಪೇಶನ ಬ್ಯಾಚಿಗೆ ಸುರಿದು, ಡಬ್ಬವನ್ನು ಹೊಳೆಗೆ ಎಸೆ ಎಂದು ಅಪ್ಪಣೆಯಾಗಿತ್ತು, ಹಾಗೇ ಮಾಡಿದೆ ಎಂದ. ಯಾವಾಗ ಎಂದಳು.

"ಹೋದ ಸೋಮವಾರ. ಬೆಳಿಗ್ಗೆ ಬಂದು ಬಾಗಿಲು ತೆಗೆಯುವಾಗ."

ಫ್ಲೋಯ್ಡ್‌ನ ಪೆನ್ನು ಕಾಗದದ ಮೇಲೆ ನಿಂತಿತು. ಅರಾಫತ್‌ನನ್ನು ಮಣ್ಣು ಮಾಡಿದ್ದು ಅದಕ್ಕೂ ಮೂರು ದಿನ ಮೊದಲು, ಶುಕ್ರವಾರ.

"ಸೋಮವಾರ ನಿಮ್ಮ ಸಾವ್ಕಾರ್ರು ಇರಲಿಲ್ಲ, ನೋಣಯ್ಯಣ್ಣ."

"ಗೊತ್ತುಂಟಮ್ಮ. ನಾನೇ ಮಸೀದಿಯ ಗೇಟಿನವರೆಗೆ ಹೋಗಿದ್ದೆ." ಮುದುಕನ ದನಿಯಲ್ಲಿ ಹೆದರಿಕೆಯಿರಲಿಲ್ಲ. "ಸತ್ತವರ ಕುಲೆ ಹದಿಮೂರು ದಿನ ತಿರುಗ್ತಾ ಇರ್ತದೆ ಅಂತ ನಮ್ಮಲ್ಲಿ ನಂಬಿಕೆ. ಸಾವ್ಕಾರ್ರ ಬ್ಯಾರಿ ಜಾತಿಯಲ್ಲಿ ಉಂಟೋ ಇಲ್ಲವೋ, ನಾನು ಯಾರ ಹತ್ತಿರ ಕೇಳ್ಳಿ? ಕೆಲಸ ಬಾಕಿ ಇದ್ದದ್ದಕ್ಕೆ ಬಂದು ಹೇಳಿದ್ದಾರೆ ಅಂತ ಎಣಿಸಿದೆ. ಮಾಡಿದೆ."

ಅವನು ಅಂಗಿಯ ಜೇಬಿನಿಂದ ಫೋನು ತೆಗೆದು ಅವಳ ಮುಂದೆ ಸರಿಸಿದ. ಗಾಜಿನ ಮೇಲೆಲ್ಲ ಬಿಳಿ ಪುಡಿ. ಅರಾಫತ್‌ನ ನಗುಮುಖದ ಸಣ್ಣ ದುಂಡು ಪಟ, ಅದರಡಿ ಸಾಲಾಗಿ ಧ್ವನಿ ಸಂದೇಶಗಳು. ತೃಪ್ತಿ ಮೊದಲು ನಂಬರು ನೋಡಿದಳು. ಅರಾಫತ್‌ನ ನಂಬರು ಅವಳಿಗೆ ಈಗ ಬಾಯಿಪಾಠವಾಗಿತ್ತು. ಇದು ಅದಲ್ಲ. ಬೇರೆ ಯಾರದ್ದೋ ನಂಬರಿಗೆ ಅವನ ಪಟ ಅಂಟಿಸಿದ್ದರು. ಓದಲು ಬಾರದವನಿಗೆ ಪಟವೇ ಹೆಸರು.

ಕುಲೆಗೆ ಸಿಮ್ ಕಾರ್ಡು ಬೇಕಾಗಿಲ್ಲ ಎಂದು ಫ್ಲೋಯ್ಡ್ ಗೊಣಗಿದ.

ಅವಳು ಸೋಮವಾರದ ಸಂದೇಶವನ್ನು ಒತ್ತಿದಳು. ಕೋಣೆಯಲ್ಲಿ ಸತ್ತವನ ಸ್ವರ ತುಂಬಿತು. ತುಸು ಒಡಕು, ತುಸು ದಣಿವು, ಸಾವಧಾನ.

"ನೋಣಯ್ಯ, ಇವತ್ತು ದೀಪೇಶನ ಬ್ಯಾಚಿಗೆ ಆ ಡಬ್ಬದಲ್ಲಿ ಉಳಿದದ್ದನ್ನು ಪೂರ್ತಿ ಸುರಿದುಬಿಡು. ಡಬ್ಬವನ್ನು ನದಿಗೆ ಎಸೆ."

ನೋಣಯ್ಯ ಕೈಮುಗಿದಿದ್ದ. ಖಾಲಿದನ ಮುಖ ಬಿಳಿಚಿತ್ತು. ಅವನು ಇನ್ನೊಮ್ಮೆ ಹಾಕಲು ಹೇಳಿದ. ಇನ್ನೊಮ್ಮೆ ಹಾಕಿದಳು. ಎರಡನೇ ಸಲ ಕೇಳಿ ಮುಗಿಯುವಾಗ ಅವನು ತಲೆಯೆತ್ತಿದ.

"ಸ್ವರ ಅಣ್ಣನದ್ದೇ," ಎಂದ. "ಆದರೆ ಅಣ್ಣ ನೋಣಯ್ಯಣ್ಣನ ಹತ್ತಿರ ಜೀವಮಾನದಲ್ಲಿ ಕನ್ನಡ ಮಾತಾಡಿದ್ದಿಲ್ಲ, ಮೇಡಂ. ತುಳುವೇ. ಮತ್ತೆ ಬರೀ ನೋಣಯ್ಯ ಅಂತ ಕರೆಯುವುದಾ? ಬಾಪ ಕೆನ್ನೆಗೆ ಕೊಡ್ತಿದ್ರು."

ಮುದುಕ ನಿಧಾನಕ್ಕೆ ಅವನ ಕಡೆ ತಿರುಗಿದ. ಐವತ್ತು ದಿನ ಕೇಳಿಯೂ ಈ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂಬುದು ಅವನ ಕಣ್ಣಲ್ಲಿತ್ತು. ಫೋನಲ್ಲಿ ಮಾತಾಡುವಾಗ ದೊಡ್ಡವರು ಕನ್ನಡ ಮಾತಾಡುವುದೇ ಕ್ರಮ ಇರಬೇಕೆಂದು ತಾನೆಣಿಸಿದ್ದೆ ಎಂದು ಅವನು ಮೆಲ್ಲಗೆ ಹೇಳಿದ.

ತೃಪ್ತಿಗೆ ಒಂದು ಎಳೆ ಸಿಕ್ಕಂತಾಯಿತು. ಇನ್ನೊಬ್ಬರ ಸ್ವರವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬರೆದುಕೊಟ್ಟದ್ದನ್ನು ಆ ಸ್ವರದಲ್ಲಿ ಓದಿಸುವ ವಿದ್ಯೆ ಈಗ ಕೈಯಲ್ಲಿರುವ ಫೋನಿಗೇ ಬಂದಿದೆ. ಕನ್ನಡ ಓದಿಸಬಹುದು. ತುಳು ಓದಲು ಆ ಯಂತ್ರಕ್ಕೆ ಬಾರದು. ಅದಕ್ಕೇ ಅರಾಫತ್‌ನ ಕುಲೆ ಕನ್ನಡ ಮಾತಾಡಿದೆ. ಇದನ್ನು ಮಾಡಿದವರಿಗೆ ಅರಾಫತ್ ತಟ್ಟೆಯ ರುಚಿ ನೋಡುವುದು ಗೊತ್ತಿತ್ತು, ಡಬ್ಬ ಇಡಬೇಕಾದ ಹಲಗೆ ಗೊತ್ತಿತ್ತು, ಮುದುಕನಿಗೆ ಓದು ಬಾರದೆಂಬುದೂ ಗೊತ್ತಿತ್ತು. ಸೋಮವಾರದ ಬ್ಯಾಚು ಯಾರದ್ದೆಂದೂ ಗೊತ್ತಿತ್ತು. ನಾಝಿಮಾ ಈ ಗೋದಾಮಿನ ಹೊಸ್ತಿಲು ಮೆಟ್ಟಿ ಹತ್ತು ವರ್ಷವಾಗಿದೆ.

ನಾಳೆ ಹತ್ತಕ್ಕೆ ಯಾರೂ ಆ ಹೆಂಗಸಿನ ಬಾಗಿಲು ತಟ್ಟಬೇಕಾಗಿಲ್ಲ. ಅದನ್ನು ಇನ್ಸ್‌ಪೆಕ್ಟರಿಗೆ ಈಗಲೇ ಹೇಳಬೇಕೆಂದು ಅವಳು ತನ್ನ ಫೋನಿಗೆ ಕೈ ಹಾಕಿದಳು.

ಮೇಜಿನ ಮೇಲೆ ನೋಣಯ್ಯನ ಫೋನು ಒಮ್ಮೆ ಗುಂಯ್ ಎಂದು ಅದುರಿ ಪುಡಿಯಲ್ಲಿ ಒಂದಿಂಚು ಸರಿಯಿತು.

ಅರಾಫತ್‌ನ ಪಟದಡಿ ಹೊಸ ಸಂದೇಶ. ನಾಲ್ಕು ಸೆಕೆಂಡಿನದ್ದು.

ಅವಳು ಒತ್ತಿದಳು. ಅದೇ ಸ್ವರ. ಈ ಸಲ ತುಳುವಿನಲ್ಲಿತ್ತು.

"ನೋಣಯ್ಯಣ್ಣ, ಯಾವು. ನನ ಪಾತೆರೊಡ್ಚಿ."

ಸಾಕು, ಇನ್ನು ಮಾತಾಡುವುದು ಬೇಡ.

ಖಾಲಿದ್ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ. ಸ್ವರದ ಕೊನೆಯಲ್ಲಿ ಉಸಿರು ಎಳೆದುಕೊಂಡ ಬಗೆ ಕೇಳಿ, ಇದು ಯಂತ್ರವಲ್ಲ, ಇದು ಅಣ್ಣನೇ ಎಂದು ಅವನು ಪಿಸುಗುಟ್ಟಿದ. ಅಣ್ಣನನ್ನು ಮೀಯಿಸಿ ಕಫನಿನ ಬಟ್ಟೆ ಹೊದಿಸಿದ್ದು ತಾನೇ, ತನ್ನ ಇದೇ ಕೈಯಲ್ಲಿ ಎಂದ.

ತೃಪ್ತಿ ಗಡಿಯಾರ ನೋಡಿದಳು. ತುಳುವಿನ ಮಾತು, ಅಣ್ಣ ಎಂದು ಕರೆಯುವ ಮಾತು ಈ ಕೋಣೆಯಲ್ಲಿ ಬಂದು ನಾಲ್ಕು ನಿಮಿಷವೂ ಆಗಿರಲಿಲ್ಲ. ಗೋದಾಮು ಖಾಲಿ. ಬಾಗಿಲು ಮುಚ್ಚಿದೆ. ಕೇಳಿದವರು ನಾಲ್ಕೇ ಜನ, ಕಳಿಸಿದವರು ಇವರೊಳಗೇ ಇರಬೇಕು.

"ಫ್ಲೋಯ್ಡ್, ಚಿಲಕ ಹಾಕಿ," ಎಂದಳು. "ಯಾರೂ ಹೊರಗೆ ಹೋಗುವುದು ಬೇಡ."

ಫ್ಲೋಯ್ಡ್ ಚಿಲಕ ಹಾಕಿದ. ಖಾಲಿದನ ಎರಡು ಕೈಯೂ ಮೇಜಿನ ಮೇಲಿದ್ದವು. ಮುದುಕನ ಕೈ ಇನ್ನೂ ಮುಗಿದೇ ಇತ್ತು. ಫ್ಲೋಯ್ಡ್‌ನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಪೆನ್ನು.

ಅವಳು ನೋಣಯ್ಯನ ಫೋನನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಗಾಜಿನ ಪುಡಿ ಒರೆಸಿದಳು. ಅರಾಫತ್‌ನ ನಗುಮುಖದ ಪಕ್ಕದಲ್ಲಿ ಹಸಿರು ಅಕ್ಷರಗಳು ಮೂಡಿದ್ದವು: ರೆಕಾರ್ಡಿಂಗ್ ಆಡಿಯೋ.

ಆಚೆ ಯಾರೋ ಈಗ, ಈ ಕ್ಷಣ, ಮಾತಾಡುತ್ತಿದ್ದರು.

ತೃಪ್ತಿ ತಲೆಯೆತ್ತಿ ಮೂರು ಮುಖಗಳನ್ನೂ ಒಂದೊಂದಾಗಿ ನೋಡಿದಳು. ಯಾರ ತುಟಿಯೂ ಅಲುಗುತ್ತಿರಲಿಲ್ಲ.